ಯಾವುದು ಮೊದಲೋ ಅದು

ಹೊಸ ಕಾರು ತಂದ ಮೇಲೆ ಬಸ್ಸಿನಲ್ಲಿ ಓಡಾಡುವುದನ್ನು ಜಾಸ್ತಿ ಮಾಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರಾ? ನಮ್ಮಲ್ಲಿ ಇದ್ದಾರೆ. ನನ್ನ ಸೋದರಮಾವ, ಗುಬ್ಬಿಯವರು. ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿತು, ಕಾರು ತಂದು, ಅದಕ್ಕೆ ಆಯಾಸವಾಗಬಾರದು ಅಂತ ತಾವು ನಡೆದುಕೊಂಡು ಹೋಗುವ ಮಹಾನುಭಾವರು.

ಚೇಳೂರಿನಲ್ಲಿ ಒಂದು ಮದುವೆಯಿತ್ತು. ಕಾರಿಗೆ ಬೆಡ್‌ಶೀಟು ಹೊದಿಸಿ ಮಲಗಿಸಿ, ಗಂಡ ಹೆಂಡತಿ ಬಸ್ಸು ಹತ್ತಿದರು. ರೇಷ್ಮೆ ಸೀರೆ ಉಟ್ಟುಕೊಂಡು ಕಂಬಿ ಹಿಡಿದು ನಿಂತಿದ್ದ ನಮ್ಮತ್ತೆ ಪಕ್ಕದವಳಿಗೆ ಹೇಳಿದರಂತೆ, "ಇವ್ರು ಕಾರ್ ತಂದಿರೋದು ಹತ್ತಕ್ಕಲ್ಲ ಕಣಮ್ಮ, ನೋಡಕ್ಕೆ." ಅಪರೂಪಕ್ಕೆ ಹತ್ತಿದರೂ ಅತ್ತೆಗೆ ಹಿಂದಿನ ಸೀಟೇ ಗತಿ. ಮುಂದಿನ ಎಡಗಡೆ ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಯಾಕೆ ಅಂತ ಕೇಳಿದರೆ ಮಾವ, "ಇರ್ಲಿ ಬುಡು" ಅನ್ನುತ್ತಿದ್ದರು.

ಈ ಮದುವೆಗೂ ಮುಂಚೆ ನಡೆದದ್ದು ಫಸ್ಟ್ ಸರ್ವಿಸ್ ಪುರಾಣ. ಯಾವಾಗ ಮಾಡಿಸಬೇಕು ಅಂತ ಕೇಳಲು ಮಾವ ತುಮಕೂರಿನ ಸರ್ವಿಸ್ ಸೆಂಟರಿಗೆ ಬಂದರು. ಬಸ್ಸಿನಲ್ಲಿ. ಕೌಂಟರಿನಲ್ಲಿದ್ದ ಮೇಡಂ ಹೊರಗೆ ಇಣುಕಿ ನೋಡಿದರು.

"ಕಾರ್ ಎಲ್ಲಿ ಸರ್?"

"ಮನೇಲದೆ ಕಣಮ್ಮ. ಯಾವಾಗ ತರ್ಬೇಕು ಅಂತ ಕೇಳ್ಕೊಂಡು ಹೋಗಾನ ಅಂತ ಬಂದೆ."

"ಒಂದು ತಿಂಗಳು, ಇಲ್ಲಾ ಸಾವಿರ ಕಿಲೋಮೀಟರ್. ಯಾವ್ದು ಮೊದ್ಲೋ ಅದು ಸರ್."

"ಎರಡ್ರಲ್ಲಿ ಯಾವ್ದು ಮೊದ್ಲು?"

"ಅದು ನಿಮಗೇ ಗೊತ್ತಾಗ್ಬೇಕು."

ಮಾವ ಆ ಮಾತನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು ಗುಬ್ಬಿಯ ಟೀ ಅಂಗಡಿಯಲ್ಲಿ ಚರ್ಚೆಗಿಟ್ಟರು. ಒಬ್ಬರು ಐನೂರಕ್ಕೇ ಮಾಡಿಸಿ ಅಂದರು. ಇನ್ನೊಬ್ಬರು ಆಯಿಲ್ ಕಪ್ಪಾಗುವ ತನಕ ಮುಟ್ಟಬೇಡಿ ಅಂದರು. ಮೂರನೆಯವರ ಹತ್ತಿರ ಇದ್ದದ್ದು ಎರಡು ಎಮ್ಮೆ ಮಾತ್ರ, ಆದರೆ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದ್ದು ಅವರೇ. ಕೊನೆಗೆ ಮಾವ ತೀರ್ಮಾನ ಕೊಟ್ಟರು. ತಮ್ಮ ಕಾರು ಎಲ್ಲೂ ಹೋಗುವುದಿಲ್ಲ, ಹಾಗಾಗಿ ತಿಂಗಳೇ ಮೊದಲು.

ಇಷ್ಟೆಲ್ಲ ನಗುವಂಥದ್ದೇ. ನಗು ಬಾರದ ವಿಷಯವೂ ಒಂದಿತ್ತು. ಕಾರು ಬಂದ ದಿನದಿಂದ ಮಾವನಿಗೂ ನಮ್ಮಮ್ಮನಿಗೂ ಮಾತಿರಲಿಲ್ಲ. ಅಮ್ಮ ಅವರ ಒಬ್ಬಳೇ ಅಕ್ಕ. ಕುಣಿಗಲ್‌ನಲ್ಲಿ ನನ್ನ ಅಣ್ಣನ ಜೊತೆ ಇದ್ದಾಳೆ. ದಿನಕ್ಕೆ ಎರಡು ಸಲ ಫೋನಿನಲ್ಲಿ ಜಗಳವಾಡಿ ಖುಷಿಪಡುತ್ತಿದ್ದ ಜೀವಗಳು. ಈಗ ಅಕ್ಕನ ಹೆಸರೆತ್ತಿದರೆ ಮಾವ ಟೈರು ಒರೆಸುತ್ತಿದ್ದರು. ಅಮ್ಮನನ್ನು ಕೇಳಿದರೆ, "ಹೊಸಾ ಕಾರ್ ಬಂದೈತೆ, ಹಳೇ ಅಕ್ಕ ಯಾಕಪ್ಪ ಅವ್ನಿಗೆ" ಅಂತ ಒಲೆ ಕಡೆ ತಿರುಗುತ್ತಿದ್ದಳು.

ತಿಂಗಳು ತುಂಬಿದ ದಿನ ಮಾವ ಕಾರು ತಂದರು. ನಾನು ತುಮಕೂರಿನಲ್ಲೇ ಇರುವುದರಿಂದ ಜೊತೆಗೆ ಹೋದೆ. ಮೇಡಂ ಕಾರಿನೊಳಗೆ ಬಗ್ಗಿ ಮೀಟರ್ ನೋಡಿ ಬರೆದುಕೊಂಡರು.

"ಒಂಬೈನೂರ ಅರವತ್ತೆರಡು. ಚೆನ್ನಾಗಿ ಓಡ್ಸಿದೀರಾ ಸರ್."

ನಾನು ಮಾವನ ಮುಖ ನೋಡಿದೆ. ಮಾವ ಗೋಡೆಯ ಕ್ಯಾಲೆಂಡರ್ ನೋಡಿದರು.

"ಎಲ್ಲಿಗ್ ಹೋಗಿದ್ರಿ ಮಾವ?"

"ಬ್ಯಾಟ್ರಿ ಇಳ್ದೋಗುತ್ತೆ ಅಂತ ಒಂದೊಂದ್ ರೌಂಡು."

"ಒಂಬೈನೂರು ಕಿಲೋಮೀಟರ್ ರೌಂಡಾ?"

ಕೊನೆಗೆ ಮಾವ ಬಾಯಿಬಿಟ್ಟರು. "ಕುಣಿಗಲ್‌ಗೆ ಕಣ್ಲಾ. ಕೆರೆ ಏರಿ ತನಕ. ಒಂದು ಎಳ್ನೀರ್ ಕುಡಿಯೋದು, ವಾಪಸ್ ಬರೋದು."

ಎಂಟೊಂಬತ್ತು ಸಲ ಹೋಗಿದ್ದಾರೆ. ಏರಿಯಿಂದ ಅಮ್ಮನ ಮನೆಗೆ ಐದು ನಿಮಿಷ. ಒಂದು ದಿನ ಅಮ್ಮ ಸೊಪ್ಪು ಹಿಡಿದು ಎದುರಿಗೇ ನಡೆದು ಬಂದಳಂತೆ. ಇವರು ಸ್ಟೇರಿಂಗ್ ಕೆಳಗೆ ಬಗ್ಗಿ ಕೂತರಂತೆ. "ಸೊರಗವ್ಳೆ ಕಣೋ," ಅಂದರು.

"ಮತ್ತೆ ಚೇಳೂರಿಗೆ ಬಸ್ಸಲ್ಲಿ ಯಾಕ್ ಹೋದ್ರಿ?"

"ಸರ್ವೀಸ್‌ಗೆ ಮುಂಚೆ ಇರೋದೇ ಸಾವಿರ. ಕಂಡ ಕಂಡಲ್ಲಿಗೆ ಓಡ್ಸಿದ್ರೆ ಕುಣಿಗಲ್‌ಗೆ ಎಲ್ಲಿ ಸಾಲುತ್ತೆ? ಅಷ್ಟ್ರೊಳಗೆ ಅಕ್ಕ ಒಂದ್ ಸಲ ಕೂತ್ಕೊಳ್ಲಿ ಅಂತ."

ಆ ಪ್ಲಾಸ್ಟಿಕ್ ಸೀಟು ಯಾರದು ಅಂತ ಆಗ ಗೊತ್ತಾಯಿತು.

"ಹೋಗಿ ಕರೆಯೋದಲ್ವಾ?"

"ಕರ್ದೆ ಕಣಪ್ಪ. ಕಾರ್ ಪೂಜೆಗೆ ಬನ್ನಿ ಅಂತ ಫ್ಯಾಮಿಲಿ ಗ್ರೂಪಲ್ಲಿ ಫೋಟೋ ಹಾಕಿ ಬರ್ದೆ. ಬರ್ಲಿಲ್ಲ. ಹೆಬ್ಬೆಟ್ಟು ಕಳ್ಸಿದ್ಲು." ಮಾವ ಕಾರಿನ ಕೀ ತಿರುವುತ್ತಾ ಮುಂದುವರಿಸಿದರು. "ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿದೀನಿ, ಒಪ್ಕೋತೀನಿ. ಅದಕ್ಕೆ ಹತ್ತು ಜನರ ಮುಂದೆ ಹೆಬ್ಬೆಟ್ಟು ಅನ್ನಬೋದಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಖುಷಿಯಾದಾಗ ಇದನ್ನು ಒತ್ತು" ಅಂತ ಅಮ್ಮನಿಗೆ ಆ ಹೆಬ್ಬೆಟ್ಟನ್ನು ತೋರಿಸಿಕೊಟ್ಟವನು ನಾನೇ. ತಮ್ಮನ ಕಾರಿನ ಫೋಟೋ ನೋಡಿದ್ದಾಳೆ, ಖುಷಿಯಾಗಿದೆ, ಒತ್ತಿದ್ದಾಳೆ. ಕೆಳಗೆ ಬರೆದದ್ದನ್ನು ಯಾರೋ ಓದಿ ಹೇಳಿರುತ್ತಾರೆ ಅಂತ ಗ್ರೂಪಿನಲ್ಲಿದ್ದ ನಾವೆಲ್ಲರೂ ಅಂದುಕೊಂಡೆವು. ಡ್ಯೂಟಿ ಇದೆ ಅಂತ ಆ ಪೂಜೆಗೆ ನಾನೂ ಹೋಗಿರಲಿಲ್ಲ.

"ಮಾವ," ಅಂದೆ, "ಅಮ್ಮನಿಗೆ ಓದಕ್ಕೆ ಬರುತ್ತಾ?"

ಅಮ್ಮ ಇವತ್ತಿಗೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವವಳು. ಎರಡನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರು. ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಕೂಸು ಈಗ ನನ್ನೆದುರು ಕಾರಿನ ಕೀ ಹಿಡಿದು ಕೂತಿತ್ತು.

"ಮರ್ತೇ ಹೋಗಿತ್ತು ಕಣೋ," ಅಂದರು ಮಾವ, ಬಹಳ ಮೆಲ್ಲಗೆ. ಆಮೇಲೆ ಎದ್ದು ಕೌಂಟರಿನ ಹತ್ತಿರ ಹೋದರು.

"ಇವತ್ ಬ್ಯಾಡ ಕಣಮ್ಮ, ನಾಳೆ ತರ್ತೀನಿ."

"ಸರ್, ಇವತ್ತಿಗೆ ತಿಂಗಳು ಮುಗೀತು. ಕಿಲೋಮೀಟರೂ ಇನ್ನು ಮೂವತ್ತೆಂಟೇ ಇರೋದು."

"ಅಷ್ಟು ಸಾಕು. ಯಾವ್ದು ಮೊದ್ಲೋ ಅದು ಅಂದ್ರಲ್ಲ ನೀವೇ. ಇದು ಮೊದ್ಲು."

ದಾರಿಯಲ್ಲಿ ಎಲೆ, ಅಡಿಕೆ, ಅರಿಶಿನ ಕುಂಕುಮ, ಒಂದು ಮೊಳ ಹೂವು ತಗೊಂಡರು. ಕುಣಿಗಲ್ ಕೆರೆ ಏರಿ ಬಂದಾಗ ಅಭ್ಯಾಸಬಲದಿಂದ ಬ್ರೇಕ್ ಒತ್ತಿದರು. "ಮಾವ, ಮುಂದೆ," ಅಂದೆ.

ಅಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದೇಳಲಿಲ್ಲ.

"ಬಂದ್ಯಾ? ಏರಿ ಮೇಲೆ ನಿಂತ್ಕೊಂಡು ಇನ್ನೆಷ್ಟ್ ಎಳ್ನೀರ್ ಕುಡೀತೀಯೋ ಅಂತಿದ್ದೆ."

ಮಾವ ಕಲ್ಲಾದರು. "ಯಾರಕ್ಕ ಹೇಳಿದ್ದು?"

"ಎಳ್ನೀರಿನವಳು. ನೀನ್ ಬಂದಿದೀಯ ಅಂತ ಅವಳು ಹೇಳ್ದಾಗೆಲ್ಲ ಒಂದು ಮುದ್ದೆ ಜಾಸ್ತಿ ಕಟ್ಟಿದೀನಿ. ಮಾರನೇ ದಿನ ನಾನೇ ತಿಂದಿದೀನಿ."

"ಬಂದು ಕರೀಬೋದಿತ್ತಲ್ಲ."

"ನಾನ್ ಕರ್ದಿದ್ರೆ ನೀನ್ ಬಂದಂಗ್ ಆಗ್ತಿತ್ತೇನ್ಲಾ?"

ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತು, ಕುಂಕುಮದ ಪೊಟ್ಟಣ ಬಿಚ್ಚಿ, ತಿಂಗಳು ತಡವಾಗಿ ಅಕ್ಕನನ್ನು ಕಾರು ಪೂಜೆಗೆ ಕರೆದರು. ಅಮ್ಮ ಹೂವು ಮುಡಿದುಕೊಂಡು ಬಂದು ಮುಂದಿನ ಬಾಗಿಲು ತೆಗೆದಳು. ಪ್ಲಾಸ್ಟಿಕ್ ನೋಡಿ, "ಇದೇನ್ಲಾ, ಹೆಣಕ್ಕೆ ಸುತ್ತಿದಂಗೆ?" ಅಂತ ಬೈದು, ಹೆಬ್ಬೆಟ್ಟಿನ ಉಗುರು ಚುಚ್ಚಿ ಪರ್ ಅಂತ ಹರಿದಳು. ಮಾವ ಅಳುತ್ತಿದ್ದರು. ಬಿಸಿಲು, ಅಂದರು.

ಸರ್ವಿಸ್ ಮಾಡಿಸುವಷ್ಟರಲ್ಲಿ ಸಾವಿರ ದಾಟಿ ಎಷ್ಟೋ ಆಗಿತ್ತು. ಕಾರಿಗೇನೂ ಆಗಲಿಲ್ಲ.

ನಿಮ್ಮವರೂ ಯಾರಾದರೂ ಹೀಗೆ ಏರಿ ತನಕ ಬಂದು ವಾಪಸ್ ಹೋಗಿದ್ದರೆ, ಅಥವಾ ನೀವೇ ಹೋಗಿದ್ದರೆ, ಕೆಳಗೆ ಬರೆಯಿರಿ. ಓದುತ್ತೇನೆ. ಬರೆಯಲು ಬರುವವರು ದಯವಿಟ್ಟು ಬರೀ ಹೆಬ್ಬೆಟ್ಟು ಒತ್ತಿ ಹೋಗಬೇಡಿ. ಬಾರದವರು ಒತ್ತಿ. ಅದರ ಅರ್ಥ ಈಗ ನಮಗೆ ಗೊತ್ತು.