ತಿಂಗಳಿಗೋ, ವರ್ಷಕ್ಕೋ?

ನಾನು ಒಂದು ಸಹಕಾರಿ ಸಂಘದ ಠೇವಣಿ ಕೌಂಟರಿನಲ್ಲಿ ಕೂರುವವಳು. ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಶಾಖೆಯ ಕುರ್ಚಿ ಸವೆಸಿದ್ದೇನೆ. ಎಲ್ಲಿ ಕೂತರೂ ಬಂದವರಿಗೆ ಕೇಳುವ ಪ್ರಶ್ನೆ ಒಂದೇ: "ಬಡ್ಡಿ ತಿಂಗಳಿಗೊಮ್ಮೆ ಬೇಕೋ, ವರ್ಷಕ್ಕೊಮ್ಮೆ ಬೇಕೋ?" ತಿಂಗಳಿಗೆ ತಕೊಂಡರೆ ಕೈಖರ್ಚಿಗೆ ಆಗುತ್ತದೆ, ವರ್ಷಕ್ಕೆ ಬಿಟ್ಟರೆ ದರ ಒಂದು ಚೂರು ಹೆಚ್ಚು. ಇಷ್ಟೇ ವಿಷಯ. ಆದರೆ ಈ ಪ್ರಶ್ನೆಗೆ ಜನ ಕೊಡುವ ಉತ್ತರ ಮನೆಯಲ್ಲಿ ಹೇಳಿದರೆ, ನೀನು ಉಪ್ಪು ಖಾರ ಸೇರಿಸಿ ಹೇಳ್ತೀ ಅನ್ನುತ್ತಾರೆ. ಸೇರಿಸುವ ಅಗತ್ಯ ಈ ತನಕ ಬಿದ್ದಿಲ್ಲ.

ಮುಟ್ಟಳ್ಳಿಯ ಸಾಲು

ಭಟ್ಕಳದಲ್ಲಿದ್ದಾಗ ಮುಟ್ಟಳ್ಳಿಯಿಂದ ಒಬ್ಬರು ನಿವೃತ್ತ ಲೈನ್‌ಮನ್ ಬಂದರು. ಗೋಡೆಯ ಬೋರ್ಡನ್ನು ತುಂಬಾ ಹೊತ್ತು ನೋಡಿದರು. ವರ್ಷದ ಬಡ್ಡಿ ಏಳೂವರೆ, ತಿಂಗಳ ಬಡ್ಡಿ ಏಳೂಕಾಲು ಅಂತ ಅದರಲ್ಲಿ ಬರೆದಿತ್ತು. ವರ್ಷದ್ದು ತಕೊಂಡರೆ ಸ್ವಲ್ಪ ಲಾಭ ಅಂತ ನಾನು ಹೇಳಿದೆ. ಅವರು ನನ್ನನ್ನು ನೋಡಿ, ನೀವು ಯಾರ ಹತ್ತಿರ ಆಟ ಆಡುದು ಅನ್ನುವ ಹಾಗೆ ನಕ್ಕು, ತಿಂಗಳದ್ದನ್ನೇ ಬರೆಸಿದರು.

ಮರುವಾರ ಮುಟ್ಟಳ್ಳಿಯಿಂದ ಜನವೋ ಜನ. ಎಲ್ಲರಿಗೂ "ಆ ತಿಂಗಳದ್ದೇ" ಬೇಕು. ಮ್ಯಾನೇಜರರು, ತಾವು ಊರೂರಿಗೆ ಹಂಚಿಸಿದ ಕರಪತ್ರ ಕೆಲಸ ಮಾಡಿತು ಅಂತ ಹಿಗ್ಗಿ ಎಲ್ಲರಿಗೂ ಚಹಾ ತರಿಸಿದರು.

ಮೊದಲ ತಿಂಗಳ ಬಡ್ಡಿ ಕೈಗೆ ಬಂದ ದಿನ ಲೈನ್‌ಮನ್ನರು ಆ ಸಣ್ಣ ಮೊತ್ತವನ್ನು ತಿರುಗಿಸಿ ಮುರುಗಿಸಿ ನೋಡಿದರು. ಉಳಿದದ್ದು ಎಲ್ಲಿ ಅಂತ ಕೇಳಿದರು. ಆಗ ನನಗೆ ಗೊತ್ತಾಯಿತು, ಅವರು ಏಳೂಕಾಲು ಅಂದರೆ ಪ್ರತಿ ತಿಂಗಳೂ ನೂರಕ್ಕೆ ಏಳೂಕಾಲು ಅಂತ ತಿಳಿದಿದ್ದಾರೆ. ಎರಡೂ ದರ ವರ್ಷದ ಲೆಕ್ಕದ್ದೇ, ತಿಂಗಳದ್ದನ್ನು ಹನ್ನೆರಡು ಪಾಲು ಮಾಡಿ ಕೊಡುತ್ತೇವೆ ಅಂತ ಬಿಡಿಸಿ ಹೇಳಿದೆ. ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಮೇಡಂ, ಊರವರನ್ನೆಲ್ಲ ಇಲ್ಲಿಗೆ ಕಳಿಸಿದ್ದು ನಾನೇ. ಅವರಿಗೆ ಇದನ್ನ ನೀವೇ ಹೇಳಿ. ನಾನು ಹೇಳಿದ್ರೆ ತಪ್ಪಿಸ್ಕೊಂಡು ಹೋಗೂಕೆ ಹೆಂಡ್ತಿ ತವರುಮನೇನೂ ಇಲ್ಲ. ಅದೂ ಮುಟ್ಟಳ್ಳೀಲೇ ಇರೂದು."

ಗುಟ್ಟಿನ ಠೇವಣಿ

ಜಾಲಿಯ ಒಬ್ಬ ಅಂಗಡಿಕಾರರಿಗೆ ಒಬ್ಬ ಭಾವ ಇದ್ದ. ಅಂಗಡಿಯಲ್ಲಿ ಸಹಾಯಕ್ಕೆ ಅಂತ ಇದ್ದವನು. ಇವರ ಕೈಯಲ್ಲಿ ನಾಲ್ಕು ಕಾಸು ಕಂಡರೆ ಸಾಕು, ಅವನಿಗೊಂದು ಅಡಚಣೆ ಹುಟ್ಟುತ್ತಿತ್ತು. ಹಾಗಾಗಿ ಠೇವಣಿ ವಿಷಯ ಭಾವನ ಕಿವಿಗೆ ಬೀಳಬಾರದು ಅಂತ ಅಂಗಡಿಕಾರರು ದನಿ ತಗ್ಗಿಸಿಯೇ ಮಾತಾಡಿದರು. ಬಡ್ಡಿಯನ್ನೂ ವರ್ಷಕ್ಕೇ ಬರೆಸಿದರು. ತಿಂಗಳ ತಿಂಗಳ ಬಂದರೆ ಅವನಿಗೆ ವಾಸನೆ ಹತ್ತುತ್ತದೆ ಅಂದರು.

ಮೊಬೈಲ್ ನಂಬರು ಕೇಳಿದೆ. ತಮ್ಮದು ಬಾಯಿಪಾಠ ಇಲ್ಲ ಅಂತ, ಅಂಗಡಿಯ ಬಿಲ್ ಪುಸ್ತಕ ತೆಗೆದು ಅದರ ಮೇಲಿದ್ದ ನಂಬರನ್ನು ಹೇಳಿದರು. ಸಂತೋಷದಿಂದ ಹೊರಟರು.

ಅವರು ನಮ್ಮ ಮೆಟ್ಟಿಲು ಇಳಿದಿರಲಿಲ್ಲ, ನನ್ನ ಟೇಬಲ್ಲಿನ ಫೋನು ಹೊಡೆದುಕೊಂಡಿತು. ಅಂಗಡಿಯ ಮೊಬೈಲು ಇರುತ್ತಿದ್ದದ್ದು ಭಾವನ ಕಿಸೆಯಲ್ಲಿ. ಠೇವಣಿಯ ಮೆಸೇಜು ಮೊತ್ತ, ಅವಧಿ, ಬಡ್ಡಿಯ ವಿವರ ಸಮೇತ ಅವನಿಗೇ ಹೋಗಿತ್ತು. ತುಂಬಾ ಮರ್ಯಾದೆಯಿಂದ ಮಾತಾಡಿದ:

"ಮೇಡಂ, ಬಡ್ಡಿ ವರ್ಷಕ್ಕೆ ಅಂತ ಹಾಕೀರಿ. ತಿಂಗಳಿಗೆ ಮಾಡೂಕೆ ಬತ್ತದಾ? ವರ್ಷದ ತನಕ ಕಾಯೂದು ನಂಗೆ ಕಷ್ಟ."

ಐದು ವರ್ಷ

ಹೊನ್ನಾವರದ್ದು ಸಣ್ಣ ಸಂಗತಿ. ಒಬ್ಬರು ಅಜ್ಜಿ ಊರುಗೋಲು ಹಿಡಿದು ಒಬ್ಬರೇ ರಿಕ್ಷಾದಲ್ಲಿ ಬಂದರು. ಆಧಾರ್ ಕಾರ್ಡು ನೋಡಿದರೆ ತೊಂಬತ್ತು ಮುಟ್ಟಲು ಬಂದಿದೆ. ಅಜ್ಜಿಗೆ ಐದು ವರ್ಷದ ಠೇವಣಿ ಬೇಕು, ಬಡ್ಡಿಯನ್ನು ನಡುವೆ ಮುಟ್ಟುವುದಿಲ್ಲ, ಎಲ್ಲ ಕೂಡಿ ಕೊನೆಗೇ ಬೇಕು.

ಹೇಗೆ ಹೇಳುವುದು ಅಂತ ನನಗೆ ಸಂಕಟ. ನಾಲಿಗೆಗೆ ಬೆಣ್ಣೆ ಹಚ್ಚಿಕೊಂಡು, ಅಮ್ಮಾ, ತಿಂಗಳ ಬಡ್ಡಿ ತಕೊಳ್ಳಿ, ಔಷಧಿಗೆ ಹಣ್ಣುಹಂಪಲಿಗೆ ಆಗ್ತದೆ, ಐದು ವರ್ಷ ಅಂದ್ರೆ ತುಂಬಾ ದೂರ ಅಂದೆ.

ಅಜ್ಜಿ ನನ್ನನ್ನು, ನನ್ನ ಹಿಂದಿನ ಕಪಾಟನ್ನು, ಮೂಲೆಯಲ್ಲಿ ತೂಕಡಿಸುತ್ತಿದ್ದ ಕ್ಯಾಶಿಯರನ್ನು ಒಂದು ಸುತ್ತು ನೋಡಿದರು.

"ಎಂತಕ್ಕೆ ತಂಗಿ, ಅಷ್ಟರ ಒಳಗೆ ನಿಮ್ಮ ಸಂಘ ಮುಚ್ತದ್ಯಾ?"

ಕೂಡಲೇ ಐದು ವರ್ಷಕ್ಕೆ ಬರೆದುಕೊಟ್ಟೆ.

ಮಾಸ್ತರರ ಮೂರು ತಾಸು

ಕುಮಟಾದಲ್ಲಿ ಒಬ್ಬರು ನಿವೃತ್ತ ಮಾಸ್ತರರು ಇದ್ದರು. ವರ್ಷದ ಬಡ್ಡಿಯೇ ಲಾಭ ಅಂತ ಎಷ್ಟು ಹೇಳಿದರೂ ಕೇಳದೆ ತಿಂಗಳ ಬಡ್ಡಿ ಹಿಡಿದಿದ್ದರು. ಅದನ್ನೂ ಉಳಿತಾಯ ಖಾತೆಗೆ ಹಾಕಲು ಬಿಡದೆ, ತಾವೇ ಬಂದು ನಗದು ತಕೊಂಡು ಹೋಗುತ್ತಿದ್ದರು. ಐದು ನಿಮಿಷದ ಕೆಲಸ. ಆಮೇಲೆ ಎದುರಿನ ಹೋಟೆಲು ಹೊಕ್ಕರೆ ಮಧ್ಯಾಹ್ನದ ತನಕ ಅಲ್ಲೇ. ಬನ್ಸು, ಜಿಲೇಬಿ, ಚಹಾ, ಮತ್ತೆ ಜಿಲೇಬಿ. ಕೌಂಟರಿನ ಕಿಟಕಿಯಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಮಾತ್ರ ಗೊತ್ತಿರಲಿಲ್ಲ.

ಒಂದು ತಿಂಗಳು ಮಾಸ್ತರರಿಗೆ ಜ್ವರ. ಠೇವಣಿ ಇಬ್ಬರ ಹೆಸರಿನಲ್ಲೂ ಇದ್ದುದರಿಂದ ಹೆಂಡತಿಯೇ ಬಂದರು. ನೀರಿನ ಬಾಟಲಿ, ಕಟ್ಟಲು ಒಂದು ಚೀಲ ಅಬ್ಬಲಿಗೆ ಹೂವು, ಬಾಳೆನಾರು ಎಲ್ಲ ತಂದಿದ್ದರು. ಎಲ್ಲಿ ಕೂರಬೇಕು ಅಂತ ಕೇಳಿದರು. ಬಡ್ಡಿಯನ್ನು ಆಗಲೇ ಲೆಕ್ಕ ಹಾಕುತ್ತಾರೆ, ಮೂವರು ತಾಳೆ ನೋಡುತ್ತಾರೆ, ಮೂರು ತಾಸು ಅಲುಗದೆ ಕೂರಬೇಕು ಅಂತ ಮಾಸ್ತರರು ಮನೆಯಲ್ಲಿ ಹೇಳಿದ್ದರಂತೆ. ಕೂತು ಕೂತು ಅವರಿಗೆ ಹಸಿವೆಯೇ ಸತ್ತುಹೋಗುತ್ತದೆ, ಆ ದಿನ ಮನೆಯಲ್ಲಿ ಒಂದು ತುತ್ತು ಊಟ ಇಳಿಯುವುದಿಲ್ಲ ಅಂತ ಆ ತಾಯಿಗೆ ಮರುಕ.

ಅವರು ಹೂವಿನ ಚೀಲ ಬಿಚ್ಚುವುದರೊಳಗೆ ನಾನು ದುಡ್ಡು ಎಣಿಸಿ ಕೊಟ್ಟಾಗಿತ್ತು. ದುಡ್ಡು ನೋಡಿದರು, ಗಡಿಯಾರ ನೋಡಿದರು.

"ಹಾಗಾದ್ರೆ ಅವರು ಕೂರುದು ಎಲ್ಲಿ?"

ನನ್ನ ಕಣ್ಣು ತನ್ನಷ್ಟಕ್ಕೇ ಕಿಟಕಿಯತ್ತ ಹೋಯಿತು. ಅವರ ಕಣ್ಣೂ ಹಿಂದೆಯೇ ಹೋಯಿತು. ಹೂವಿನ ಚೀಲ ಎತ್ತಿಕೊಂಡು ಸೀದಾ ರಸ್ತೆ ದಾಟಿದರು.

ಮನೆಯಲ್ಲಿ ಮಹಾಯುದ್ಧ ಆಗಿರಬೇಕು ಅಂತ ನಾನು ಹೆದರಿ ಕೂತಿದ್ದೆ. ಮರು ತಿಂಗಳು ನೋಡಿದರೆ ಹೆಂಡತಿಯೇ ನಗುತ್ತಾ ಬಂದರು, ದುಡ್ಡು ತಕೊಂಡರು, ರಸ್ತೆ ದಾಟಿದರು. ಅದರ ಮುಂದಿನ ತಿಂಗಳೂ ಹಾಗೆಯೇ. ಆ ದಿನ ಅವರು ಹೋಗಿ ಸ್ವಲ್ಪ ಹೊತ್ತಿಗೆ ಮಾಸ್ತರರು ಬಂದರು. ಇಳಿದುಹೋಗಿದ್ದರು. ಜ್ವರ ಬಿಟ್ಟು ಎಷ್ಟೋ ದಿನ ಆಯಿತಂತೆ. ಆದರೆ ಹೆಂಡತಿ ಬರಲು ಬಿಡುತ್ತಿಲ್ಲ. ನೀವು ಹೇಳಿದ್ದು ಖರೆ, ಮೂರು ತಾಸು ಕಾಯಿಸ್ತಾರೆ, ಈ ವಯಸ್ಸಲ್ಲಿ ನಿಮಗೆ ಆ ಕಷ್ಟ ಬೇಡ, ಇನ್ನು ನಾನೇ ಅನುಭವಿಸ್ತೇನೆ ಅನ್ನುತ್ತಾಳಂತೆ.

"ಐದು ನಿಮಿಷದ ಕೆಲಸ ಅಂತ ನೀವಾದ್ರೂ ಅವಳಿಗೆ ತಿಳಿಸಿ ಹೇಳಿ, ಮೇಡಂ. ನನ್ನ ಬಾಯಿಂದ ಹೇಳುವ ಹಾಗಿಲ್ಲ."

ನಾನು ಕಿಟಕಿ ತೋರಿಸಿದೆ. ಎದುರಿನ ಹೋಟೆಲಿನಲ್ಲಿ, ಅವರು ಪ್ರತಿ ತಿಂಗಳೂ ಕೂರುತ್ತಿದ್ದ ಮೇಜಿನಲ್ಲೇ, ಹೆಂಡತಿ ಜಿಲೇಬಿಯ ಸುರುಳಿಯನ್ನು ನಿಧಾನಕ್ಕೆ ಮುರಿಯುತ್ತಿದ್ದರು. ಪಕ್ಕದಲ್ಲಿ ಅರ್ಧ ಕಟ್ಟಿದ ಅಬ್ಬಲಿಗೆ ಮಾಲೆ.

ಮಾಸ್ತರರು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿ, ಗಂಭೀರವಾಗಿ ಹೇಳಿದರು:

"ನೀವು ಮೊದಲೇ ಹೇಳಿದ್ರಿ, ವರ್ಷದ ಬಡ್ಡಿಯೇ ಲಾಭ ಅಂತ. ಈಗ್ಲೇ ವರ್ಷಕ್ಕೆ ಮಾಡಿಬಿಡಿ."

"ಮಾಡುವಾ ಮಾಸ್ತರ್ರೇ," ಅಂದೆ. "ಆದ್ರೆ ಅದಕ್ಕೆ ಇಬ್ಬರ ಸಹಿಯೂ ಬೇಕು. ಅವರು ತಿಂದು ಮುಗಿಸ್ಲಿ."