ಕಾಡುದಾರಿಗೆ ಹೊರಟ ಸ್ಟಾಫ್ ರೂಮು

ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಹಾಕಿದ ಯಾವ ಪ್ಲಾನೂ ಇವತ್ತಿನವರೆಗೆ ಹಾಕಿದ ಹಾಗೆ ನಡೆದಿಲ್ಲ. ಬೀಳ್ಕೊಡುಗೆ ಸಮಾರಂಭ ಇಟ್ಟರೆ ರಿಟೈರ್ ಆಗುವವರೇ ಮರೆತು ಮದುವೆಗೆ ಹೋಗಿರುತ್ತಾರೆ. ಹೀಗಿರುವಾಗ ಹೋದ ಚಳಿಗಾಲದಲ್ಲಿ ಹಿಸ್ಟರಿ ಮೇಷ್ಟ್ರು, "ಮುಳಬಾಗಿಲಿಂದ ನಂಗಲಿ ಕಡೆಗೆ ಗುಡ್ಡದ ಮೇಲೆ ಹಳೇ ಕಾಡುದಾರಿ ಇದೆ. ಪಾಳೇಗಾರರ ಕುದುರೆ ಓಡಾಡಿದ್ದು. ಬೆಳಗ್ಗೆ ಹೊರಟರೆ ಸಾಯಂಕಾಲದವರೆಗೂ ನಡೀಬೇಕು" ಎಂದರು. ಪಿ.ಟಿ. ಮೇಷ್ಟ್ರು ತೊಡೆ ತಟ್ಟಿದರು. ಲೆಕ್ಕದ ಟೀಚರ್ ಆದ ನಾನು, ಯಾರೂ ಕೇಳದಿದ್ದರೂ, "ನಾನೂ ಬರ್ತೀನಿ" ಎಂದುಬಿಟ್ಟೆ.

ಮನೆಯವರ ಅಭಿಪ್ರಾಯ

ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ನೀನಾ? ಸಂತೆಗೆ ಹೋಗಿ ಬರೋಕೆ ಮೂರು ಕಡೆ ಕೂತ್ಕೋತೀಯ. ಅರ್ಧ ದಾರೀಲಿ ಎಲ್ಲಿ ಕೂತಿರ್ತೀಯ ಅಂತ ಮೊದಲೇ ಹೇಳಿಬಿಡು, ಆಟೋ ತರ್ತೀನಿ."

ನನಗೆ ಉರಿದುಹೋಯಿತು. ಮದುವೆಯಾದ ಹೊಸದರಲ್ಲಿ ನಾನು ಸ್ಕೂಟಿ ಕಲಿಯಲು ಹೋಗಿ ಎಮ್ಮೆಗೆ ಗುದ್ದಿದ್ದನ್ನು ಈ ಮನುಷ್ಯ ಇವತ್ತಿಗೂ ಪ್ರತಿ ಗೃಹಪ್ರವೇಶದಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಹೇಳುತ್ತಾರೆ. ಈಗ ಅರ್ಧ ದಾರಿಯಿಂದ ವಾಪಸ್ ಬಂದರೆ ಎಮ್ಮೆಯ ಜೊತೆಗೆ ಕಾಡೂ ಸೇರುತ್ತದೆ. ಸತ್ತರೂ ಪರವಾಗಿಲ್ಲ, ಆ ಕೊನೆ ಮುಟ್ಟಿಯೇ ಸಾಯಬೇಕು ಎಂದು ತೀರ್ಮಾನಿಸಿದೆ.

ಪೂರ್ವಭಾವಿ ಸಭೆ

ದಾರಿಯ ಬಗ್ಗೆ ಮಾತಾಡಲು ಶನಿವಾರ ಮಧ್ಯಾಹ್ನ ಕೂತೆವು. ಪಿ.ಟಿ. ಮೇಷ್ಟ್ರು, "ಹೊರೆ ಕಮ್ಮಿ ಇರಬೇಕು, ಪುಳಿಯೋಗರೆ ಸಾಕು" ಎಂದರು. ಹಿಸ್ಟರಿ ಮೇಷ್ಟ್ರಿಗೆ ಹುಣಸೆಹುಳಿ ಆಗದು, ಚಿತ್ರಾನ್ನ ಆಗಬೇಕು. ಚಿತ್ರಾನ್ನ ಅಂದಮೇಲೆ ಮೊಸರನ್ನ, ಮೊಸರನ್ನ ಅಂದಮೇಲೆ ಬಾಳಕದ ಮೆಣಸಿನಕಾಯಿ. ಅದು ಬಿಸಿಯಾಗಿದ್ದರೇ ಚೆನ್ನ, ಆದ್ದರಿಂದ ಒಂದು ಸಣ್ಣ ಸ್ಟೌವ್. ಅವರೇಕಾಯಿ ಕಾಲ ಬೇರೆ, ಹಿತಕಬೇಳೆ ಇಲ್ಲದೆ ಹೋದರೆ ಕಾಡೇ ಬೇಜಾರು ಮಾಡಿಕೊಳ್ಳುತ್ತದೆ ಎಂದು ಇನ್ನೊಂದು ವಾದ.

ಸಭೆ ಮುಗಿದಾಗ ಅವರೇಕಾಳು ಯಾರು ಹಿತುಕಬೇಕು ಎಂಬುದು ತೀರ್ಮಾನವಾಗಿತ್ತು. ದಾರಿ ಎಲ್ಲಿಂದ ಶುರುವಾಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಜ್ಜನ ಸಂದೇಹ

ಅದನ್ನು ಹುಡುಕಲು ನಾನೂ ಹಿಸ್ಟರಿ ಮೇಷ್ಟ್ರೂ ಭಾನುವಾರ ಗುಡ್ಡದ ಬುಡಕ್ಕೆ ಹೋದೆವು. ಹುಣಸೆಮರದ ಕೆಳಗೆ ಮೇಕೆ ಬಿಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದ. "ನಂಗಲಿಗೆ ಹೋಗೋ ದಾರಿ ಯಾವುದು ಅಜ್ಜ?" ಎಂದೆವು.

"ಹೈವೇಗೆ ಹೋಗಿ ನಿಂತ್ಕೊಳ್ಳಿ, ಬಸ್ಸು ಬರ್ತದೆ."

"ಬಸ್ಸಲ್ಲ, ನಡ್ಕೊಂಡು ಹೋಗೋ ದಾರಿ."

ಅಜ್ಜ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ ತೆಲುಗಿಗೆ ಇಳಿದ. "ಎಂದುಕಮ್ಮಾ ನಡಿಚೇದಿ? ಬಸ್ಸುಂದಿ ಕದಾ!" ಬಸ್ಸಿರುವಾಗ ಯಾಕಮ್ಮ ನಡೆಯುವುದು ಎಂದು ನಿಜವಾಗಿ ಸಂಕಟಪಟ್ಟು ಕೇಳಿದ.

ಹಿಸ್ಟರಿ ಮೇಷ್ಟ್ರು ಬಿಡಲಿಲ್ಲ. ಪಾಳೇಗಾರರು, ದಂಡು, ಕುದುರೆ, ತಿರುಪತಿಗೆ ನಡೆದುಹೋಗುತ್ತಿದ್ದ ಯಾತ್ರಿಕರು ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದರು. ಅಜ್ಜ ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ.

"ಪಾಪ, ಅವರಿಗೆ ಬಸ್ಸಿರಲಿಲ್ಲ."

ದಾರಿಯನ್ನು ಮಾತ್ರ ಸರಿಯಾಗಿಯೇ ತೋರಿಸಿದ.

ಅಭ್ಯಾಸ

ದಿನಾ ಬೆಳಗ್ಗೆ ನಡೆದು ಕಾಲು ಗಟ್ಟಿಮಾಡಿಕೊಳ್ಳಿ ಎಂದು ಪಿ.ಟಿ. ಮೇಷ್ಟ್ರು ಅಪ್ಪಣೆ ಕೊಟ್ಟರು. ನಮ್ಮೂರಲ್ಲಿ ಗುರುತಿನವರನ್ನು ನಡೆಯಲು ಬಿಡುವುದು ಮರ್ಯಾದೆಯಲ್ಲ. ಮೊದಲ ತಿರುವಿನಲ್ಲೇ ಹಳೇ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿದ. "ಕೂತ್ಕೊಳಿ ಟೀಚರ್." ಬೇಡ ಎಂದರೆ, "ಮಾರ್ಕ್ಸ್ ಕಮ್ಮಿ ಬಂದೋನು ಅಂತಾನಾ ಟೀಚರ್?" ಎಂದು ಮುಖ ಸಣ್ಣ ಮಾಡಿದ. ಹತ್ತಿದೆ. ಮಾರನೇ ದಿನ ಹಾಲಿನ ವ್ಯಾನು, ಅದರ ಮಾರನೇ ದಿನ ಟೊಮೆಟೊ ಟೆಂಪೋ.

ವಾರದ ಕೊನೆಗೆ ಪಕ್ಕದ ಬೀದಿಯವರು ನಮ್ಮ ಯಜಮಾನರನ್ನು ಗುಟ್ಟಾಗಿ ಕರೆದು ಕೇಳಿದರಂತೆ: "ಏನ್ ಸಾರ್, ಮನೇಲಿ ಜಗಳಾನಾ? ಟೀಚರ್ ದಿನಾ ಬೆಳಗ್ಗೆ ಸಿಕ್ಕಿದ ಗಾಡಿ ಹತ್ಕೊಂಡು ಹೊರಟುಹೋಗ್ತಾರಲ್ಲ."

ಆ ದಿನ

ಕೊನೆಗೂ ಮೂವರೂ ಹೊರಟೆವು. ಬಂಡೆಗಳ ನಡುವೆ ಕಲ್ಲುಮೆಟ್ಟಿಲು, ಸೀತಾಫಲದ ಗಿಡಗಳು, ತಣ್ಣನೆ ಗಾಳಿ. ನನ್ನ ಕಾಲು ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ನಡೆಯಿತು. ಅರ್ಧ ದಾರಿಯಲ್ಲಿ ಗುಡ್ಡದ ಬಗಲಿಗೆ ಒಂದು ಹಳ್ಳಿ. ನಮ್ಮ ಯಜಮಾನರ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೇ. ಸದ್ದಿಲ್ಲದೆ ದಾಟಿಬಿಡೋಣ ಎಂದುಕೊಂಡರೆ ಅತ್ತಿಗೆ ದಾರಿಗೆ ಅಡ್ಡಲಾಗಿ ನಿಂತಿದ್ದರು.

"ಊಟ ಹಾಕ್ದೆ ಕಳಿಸಬೇಡ ಅಂತ ತಮ್ಮ ಫೋನ್ ಮಾಡಿದ್ದ ಕಣಮ್ಮ. ಬನ್ನಿ ಒಳಗೆ."

ಯಜಮಾನರ ಕುತಂತ್ರ ಆಗ ಅರ್ಥವಾಯಿತು. ಆದರೆ ನೆಂಟರ ಬಾಗಿಲಿಂದ ಉಣ್ಣದೆ ಹೋಗುವುದುಂಟೆ? ಮುದ್ದೆ, ನಾಟಿಕೋಳಿ ಸಾರು. ಬುತ್ತಿ ಬಿಚ್ಚಲೇ ಇಲ್ಲ. ಎರಡನೇ ಮುದ್ದೆ ಮುಗಿಸಿದ ಪಿ.ಟಿ. ಮೇಷ್ಟ್ರು, "ಐದು ನಿಮಿಷ ಮೇಡಂ" ಎಂದು ಜಗಲಿಯ ಮೇಲೆ ಒರಗಿದವರು ಗೊರಕೆ ಶುರುಮಾಡಿದರು. ಹಿಸ್ಟರಿ ಮೇಷ್ಟ್ರು ಅವರನ್ನು ಎಬ್ಬಿಸಲು ಹೋಗಿ ಪಕ್ಕದಲ್ಲೇ ಉರುಳಿದರು. ನನಗೆ ಅಳುವೇ ಬಂತು. ಆಟೋದ ಮಾತನ್ನೂ ಎಮ್ಮೆಯ ಮಾತನ್ನೂ ಅತ್ತಿಗೆಗೆ ಹೇಳಿಕೊಂಡೆ.

"ಹಂಗಂದ್ನಾ ಅವನು?" ಅತ್ತಿಗೆ ಸೆರಗು ಸಿಕ್ಕಿಸಿ, ಚಪ್ಪಲಿ ಮೆಟ್ಟಿದರು. "ನಡಿ. ನಾನು ಬರ್ತೀನಿ."

ನಾವಿಬ್ಬರೂ ಯಜಮಾನರನ್ನು ಬೈದುಕೊಳ್ಳುತ್ತಾ ಉಳಿದ ದಾರಿಯನ್ನೆಲ್ಲ ನಡೆದು ನಂಗಲಿಯ ಹತ್ತಿರ ಹೈವೇಗೆ ಇಳಿದೆವು. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ. ಅತ್ತಿಗೆಯ ಹಳ್ಳಿಗೆ ತಿರುಗುವ ಡಾಂಬರು ರಸ್ತೆಯೂ ಅಲ್ಲೇ. ಆ ಮೂಲೆಯ ಟೀ ಅಂಗಡಿಯಲ್ಲಿ ಆಟೋ ನಿಲ್ಲಿಸಿಕೊಂಡು, ನಮ್ಮನ್ನು ಕರೆತರಲು ಹೊರಟಿದ್ದ ಯಜಮಾನರು ನಿಧಾನವಾಗಿ ಬನ್ ಅದ್ದುತ್ತಿದ್ದರು. ಗುಡ್ಡದ ಕಡೆಯಿಂದ ನಾವು ಬರುವುದನ್ನು ಕಂಡದ್ದೇ ಅವರ ಬನ್ ಟೀಯೊಳಗೇ ಬಿತ್ತು.

ಅತ್ತಿಗೆ ನನ್ನನ್ನು ಆಟೋದೊಳಗೆ ಕೂರಿಸಿ, ತಾವೂ ಕೂತರು. ಯಜಮಾನರು ಮುಂದೆ ಹತ್ತಲು ಬಂದಾಗ ಕೈ ಅಡ್ಡ ಹಿಡಿದರು. "ನೀನೆಲ್ಲಿಗೋ? ಹಸು ಕರೆಯೋ ಹೊತ್ತಾಯ್ತು, ನಾವು ಹೋಗ್ತೀವಿ. ನೀನು ಗುಡ್ಡದ ದಾರೀಲಿ ನಡ್ಕೊಂಡು ಬಾ. ನಂದೊಂದು ಚಪ್ಪಲಿ ಕಿತ್ತೋಗಿ ದಾರೀಲಿರೋ ಹಳೇ ಮಂಟಪದ ಹತ್ರ ಬಿಟ್ಟಿದೀನಿ, ಎತ್ಕೊಂಡು ಬಾ."

ಅಕ್ಕ ಹೇಳಿದ್ದನ್ನು ಅವರು ಯಾವತ್ತೂ ಮೀರಿದವರಲ್ಲ. ಹೊತ್ತು ಮುಳುಗುವಾಗ ಕಿತ್ತ ಚಪ್ಪಲಿ ಹಿಡಿದು, ಏದುಸಿರು ಬಿಡುತ್ತಾ, ಕುಂಟಿಕೊಂಡು, ನಾನೂ ಅತ್ತಿಗೆಯೂ ಕೂತಿದ್ದ ಅಂಗಳಕ್ಕೆ ಬಂದರು. ಆ ಸದ್ದಿಗೆ ಜಗಲಿಯ ಮೇಲೆ ಇನ್ನೂ ಮಲಗಿದ್ದ ಪಿ.ಟಿ. ಮೇಷ್ಟ್ರಿಗೆ ಎಚ್ಚರವಾಯಿತು. ಎದ್ದು ಕೂತು, ಕಣ್ಣುಜ್ಜಿಕೊಂಡು, ಯಜಮಾನರ ಮುಖ ನೋಡಿ ಅರಳಿದರು.

"ಓ, ಸಾರ್, ನೀವೂ ಬಂದ್ರಾ? ಒಳ್ಳೇದಾಯ್ತು. ಏಳಿ ಮೇಡಂ, ಹೊರಡೋಣ."