ದೊಡ್ಡವ್ವನ ನಲವತ್ತು ಮಾಫಿಗಳು

ಜಗತ್ತಿನಲ್ಲಿ ತಪ್ಪು ಮಾಡಿ ಜಗಳ ಹಚ್ಚುವವರು ಬೇಕಾದಷ್ಟು ಜನ ಸಿಗುತ್ತಾರೆ. ತಪ್ಪು ಒಪ್ಪಿಕೊಂಡು ಜಗಳ ಹಚ್ಚುವವರು, ನನಗೆ ತಿಳಿದಮಟ್ಟಿಗೆ, ಒಬ್ಬರೇ. ಅವರು ನಮ್ಮ ದೊಡ್ಡವ್ವ, ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ! ನಂಬಿಕೆ ಬರದಿದ್ದರೆ ಶಹಾಪುರದ ನಮ್ಮ ಓಣಿಗೆ ಬಂದು ವಿಚಾರಿಸಿ. ಲೆಂಟ್ ದಿನಗಳಲ್ಲಿ ಮಾತ್ರ ಬರಬೇಡಿ. ನಿಮ್ಮ ಹತ್ತಿರವೂ ಒಂದು ಮಾಫಿ ಕೇಳಿಬಿಟ್ಟಾಳು.

ಲೆಂಟ್ ಎಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ಉಪವಾಸ, ಪ್ರಾರ್ಥನೆಯ ಕಾಲ. ನಮ್ಮ ಚರ್ಚಿನ ಸಭೆಯಲ್ಲಿ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಚಹಾ ಬಿಡುತ್ತಾರೆ. ನಾನು ಪ್ರತಿವರ್ಷ ಸಿಟ್ಟು ಬಿಡುತ್ತೇನೆ. ಮೂರನೆಯ ದಿನ ಶಾಲೆಯಲ್ಲಿ ಮಕ್ಕಳ ಮೇಲೆ ಹರಿಹಾಯ್ದು ಆ ವ್ರತವನ್ನೂ ಬಿಡುತ್ತೇನೆ! ದೊಡ್ಡವ್ವನದು ಬೇರೆಯೇ ದಾರಿ. ದಿನಕ್ಕೊಬ್ಬರಂತೆ ನಲವತ್ತು ಜನರ ಹತ್ತಿರ ಮಾಫಿ ಕೇಳುವುದು. ಲೆಂಟ್ ಶುರುವಾಗುವ ಬೂದಿ ಬುಧವಾರದ ಆರಾಧನೆ ಮುಗಿಸಿ ಬಂದವಳೇ ಹಣೆಯ ಬೂದಿ ಹಾಗೇ ಇಟ್ಟುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ತಾರೀಖಿಗೆ ಒಂದೊಂದು ಹೆಸರು ಬರೆಯುತ್ತಾಳೆ. ಭಾನುವಾರ ಮಾತ್ರ ರಜೆ.

ಒಳ್ಳೆಯದೇ ಅಲ್ಲವೇ ಎನ್ನುತ್ತೀರಾ? ತಡೆಯಿರಿ. ಅವಳು ಮಾಫಿ ಕೇಳುವುದು ಎದುರಿನವರಿಗೆ ಗೊತ್ತೇ ಇಲ್ಲದ ತಪ್ಪುಗಳಿಗೆ!

ಕಾಯಿಪಲ್ಲೆ ಮಾರುವ ಶರಣಮ್ಮನ ಮುಂದೆ ಒಂದು ದಿನ ಕೈಜೋಡಿಸಿ ನಿಂತಳು. "ಶರಣಮ್ಮಾ, ಹ್ವಾದ ವರ್ಷ ನಿನ್ನ ಬದನಿಕಾಯ್ದಾಗ ಬರೇ ಹುಳ ಅಂತ ಓಣಿ ತುಂಬ ಹೇಳಿದ್ದೆ. ಮಾಫ್ ಮಾಡವ್ವ."

"ಅಂದ್ರ ನನ್ನ ಗಿರಾಕಿ ತಪ್ಪಿಸಿದಾಕಿ ನೀನೇನು!" ಎಂದು ಶರಣಮ್ಮ ತಕ್ಕಡಿ ಕೆಳಗಿಟ್ಟು ಎದ್ದಳು. ಅಂದಿನಿಂದ ನಾವು ಬದನೆಕಾಯಿ ಅವಳ ಹತ್ತಿರವೇ ಕೊಳ್ಳಬೇಕು, ಹುಳ ಕಂಡರೂ ಬಾಯಿ ಬಿಡದೆ ತಿನ್ನಬೇಕು.

ಪಕ್ಕದ ಊರು ಸಗರದಲ್ಲಿ ಒಂದು ಜೋಡಿ ಇದೆ. ಹನ್ನೆರಡು ವರ್ಷದ ಹಿಂದೆ ಆ ಸಂಬಂಧ ಕೂಡಿಸಿದವಳು ದೊಡ್ಡವ್ವನೇ. ಅವರ ಮನೆಗೂ ಹೋಗಿ ಗಂಡನ ಮುಂದೆ ಕುಳಿತಳು. "ಅಳಿಯಂದ್ರ, ಹುಡುಗಿ ವಯಸ್ಸು ಮೂರು ವರ್ಷ ಕಡಿಮಿ ಹೇಳಿದ್ದೆ. ಮಾಫ್ ಮಾಡ್ರಿ." ಆತ ಬೆರಳು ಎಣಿಸಿದ. ಮತ್ತೊಮ್ಮೆ ಎಣಿಸಿದ. ಹೆಂಡತಿ ತನಗಿಂತ ಒಂದು ವರ್ಷ ದೊಡ್ಡವಳು! ಅಷ್ಟರಲ್ಲಿ ಒಳಗಿನಿಂದ ಚಹಾ ತಂದಿಟ್ಟ ಹೆಂಡತಿ ತಣ್ಣಗೆ ಹೇಳಿದಳಂತೆ: "ಆತಲ್ಲ, ಇನ್ನ ಮುಂದ ದೊಡ್ಡಾಕಿ ಮಾತು ಕೇಳ್ರಿ."

"ಗೊತ್ತಿಲ್ಲದವರಿಗೆ ಯಾಕ ಹೇಳಾಕ ಹೋಗ್ತಿ ದೊಡ್ಡವ್ವಾ?" ಎಂದರೆ, "ನೀ ಸುಮ್ಕಿರು ಟೀಚರಮ್ಮ. ಮಾಫಿ ಕೇಳಿದ್ರ ಎದಿ ಹಗುರ ಆಗ್ತದ" ಎನ್ನುತ್ತಾಳೆ.

"ಯಾರ ಎದಿ?"

"ನಂದು!"

ಇಷ್ಟೆಲ್ಲ ಧಾರಾಳವಾಗಿ ಮಾಫಿ ಕೇಳುವ ದೊಡ್ಡವ್ವನ ಕ್ಯಾಲೆಂಡರಿನಲ್ಲಿ ಒಂದು ಹೆಸರು ಮಾತ್ರ ಎಂದೂ ಬರಲಿಲ್ಲ. ಅದು ಸುರಪುರದಲ್ಲಿರುವ ಅವಳ ಒಡಹುಟ್ಟಿದ ತಂಗಿಯ ಹೆಸರು. ಇಪ್ಪತ್ತು ವರ್ಷದ ಹಿಂದೆ ಆಕೆ ಬೇರೆ ಧರ್ಮದ ಮಾಸ್ತರರೊಬ್ಬರನ್ನು ಮೆಚ್ಚಿ ಮದುವೆಯಾದಳು. ದೊಡ್ಡವ್ವ ಮದುವೆಗೆ ಹೋಗಲಿಲ್ಲ. ಅದಿರಲಿ, ಬಹಳ ಜನ ಹೋಗಲಿಲ್ಲ. ಆದರೆ ಆ ವರ್ಷ ಅಗಲಿದವರ ಸ್ಮರಣೆಯ ಆರಾಧನೆ ಬಂದಾಗ, ಸತ್ತವರ ಹೆಸರು ಓದುವ ಪಟ್ಟಿಗೆ ದೊಡ್ಡವ್ವ ತಂಗಿಯ ಹೆಸರು ಬರೆದುಕೊಟ್ಟಳು! ಆಗಿನ ಪಾಸ್ಟರ್ ಊರಿಗೆ ಹೊಸಬರು, ಗಟ್ಟಿಯಾಗಿ ಓದಿಯೂ ಬಿಟ್ಟರು. ಸುರಪುರ ಒಂದು ತಾಸಿನ ಬಸ್ಸಿನ ದಾರಿ. ಸುದ್ದಿ ಮುಟ್ಟಲು ಎಷ್ಟು ಹೊತ್ತು? ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ.

"ಸುರಪುರದಾಕಿ?" ಎಂದು ನಾನು ವರ್ಷಾ ವರ್ಷಾ ಕೇಳುತ್ತೇನೆ.

"ನಲವತ್ತು ತುಂಬ್ಯಾವ. ಮುಂದಿನ ವರ್ಷ ನೋಡೂಣು."

ನನಗೆ ತಡವಾಗಿ ತಿಳಿಯಿತು. ಈ ಬದನೆಕಾಯಿ, ಈ ಮದುವೆ ಹೆಣ್ಣಿನ ವಯಸ್ಸು, ಎಲ್ಲವನ್ನೂ ಅವಳು ಹುಡುಕಿ ಹುಡುಕಿ ತರುತ್ತಿದ್ದುದು ಆ ಒಂದು ಹೆಸರಿಗೆ ಜಾಗ ಉಳಿಯಬಾರದೆಂದು.

ಈ ವರ್ಷ ಎರಡನೆಯ ದಿನವೇ ನಮ್ಮ ಪಾಸ್ಟರ್ ಅಯ್ಯನವರ ಪಾಳಿ. ಅವರು ಪ್ರಾರ್ಥನೆಗೆಂದು ನಮ್ಮ ಮನೆಗೆ ಬಂದಿದ್ದರು. ದೊಡ್ಡವ್ವ ಕೈಮುಗಿದಳು. "ಅಯ್ಯನವರ, ನಿಮ್ಮ ಉಪದೇಶದಾಗ ನಾ ಮೂರು ವರ್ಷದಿಂದ ನಿದ್ದಿ ಮಾಡಾಕತ್ತೀನ್ರಿ. ಮಾಫ್ ಮಾಡ್ರಿ."

ಪಾಪ! ಕಣ್ಣುಮುಚ್ಚಿ ಭಕ್ತಿಯಿಂದ ದೇವರ ವಾಕ್ಯ ಕೇಳುವುದನ್ನು ಈ ತಾಯಿಯಿಂದ ಕಲಿಯಿರಿ ಎಂದು ಹಿಂದಿನ ಭಾನುವಾರವಷ್ಟೇ ಅವರು ಇಡೀ ಸಭೆಗೆ ಹೇಳಿದ್ದರು! ಮುಖ ಎಲ್ಲಿಡಬೇಕೆಂದು ತಿಳಿಯದೆ ಗೋಡೆ ನೋಡಿದರು. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು.

"ಅಮ್ಮಾ, ಈ ಆರು ದಿನ ಖಾಲಿ ಅದಾವಲ್ರಿ?"

"ಅವು ಭಾನುವಾರರೀ. ಲೆಂಟಿನ ಲೆಕ್ಕಕ್ಕ ಬರಂಗಿಲ್ಲ ಅಂತ ನೀವ ಹೇಳೀರಿ."

"ಭಾನುವಾರ ಉಪವಾಸ ಇಲ್ಲ ಅಂತ ಹೇಳೀನ್ರಿ. ಮಾಫಿ ಇಲ್ಲ ಅಂತ ಯಾವಾಗ ಹೇಳೀನಿ? ಎಚ್ಚರ ಇದ್ದಿದ್ರ ಕೇಳ್ತಿದ್ರಿ!"

ನಾನು ಎದ್ದು ಪೆನ್ನು ತೆಗೆದುಕೊಂಡು ಆರೂ ಭಾನುವಾರಗಳಿಗೆ "ಸುರಪುರ" ಎಂದು ಬರೆದೆ. ದೊಡ್ಡವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಅಳಿಸಲಿಲ್ಲ.

ಮೊದಲ ಭಾನುವಾರ ಮೊಣಕಾಲು ನೋವು. ಎರಡನೆಯದು ಬಿಸಿಲು. ಮೂರನೆಯದು ಬಸ್ಸಿನಲ್ಲಿ ಗದ್ದಲ. ನಾಲ್ಕು, ಐದರ ನೆಪಗಳು ನೆನಪಿಡುವಷ್ಟೂ ಚೆನ್ನಾಗಿರಲಿಲ್ಲ. ಆರನೆಯದು ಗರಿಗಳ ಭಾನುವಾರ, ಕೊನೆಯದು. ಆರಾಧನೆ ಮುಗಿದದ್ದೇ ದೊಡ್ಡವ್ವ ಅಂದು ಚರ್ಚಿನಲ್ಲಿ ಎಲ್ಲರಿಗೂ ಕೊಡುವ ಈಚಲ ಗರಿಯನ್ನು ಕೈಯಲ್ಲಿ ಹಿಡಿದುಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಓಡಿದೆ. ಉದ್ದನೆಯ ಗರಿ ಕಂಡಕ್ಟರನ ಮೂಗಿಗೆ ಚುಚ್ಚಿತು. "ಯವ್ವಾ, ಹೆಣ್ಮಕ್ಕಳಿಗೆ ಫ್ರೀ ಅದ, ಗರಿಗಿಲ್ಲ!" ಎಂದ. ಬಸ್ಸೆಲ್ಲ ನಕ್ಕಿತು. ದೊಡ್ಡವ್ವ ನಗಲಿಲ್ಲ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. ಪ್ರಾರ್ಥನೆಯೇನೋ ಎಂದುಕೊಂಡೆ. ಕಿವಿಗೊಟ್ಟರೆ, ಮಾಫಿ ಕೇಳುವ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು!

ಮನೆ ಮುಟ್ಟಿದೆವು. ತಂಗಿಯೇ ಬಾಗಿಲು ತೆರೆದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಸತ್ತಾಕಿನ್ನ ನೋಡಾಕ ಬಂದಿಯೇನಕ್ಕಾ?" ಎಂದಳು.

ದೊಡ್ಡವ್ವ ಬಾಯಿ ತೆರೆದಳು. ಶಹಾಪುರದ ಅರ್ಧ ಊರಿಗೆ ಮಾಫಿ ಕೇಳಿದ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ತಂಗಿ ನೀರು ತಂದುಕೊಟ್ಟಳು, ದೊಡ್ಡವ್ವ ಕುಡಿದಳು. ಕೊನೆಗೆ ನಾನೇ, "ಫೋನ್ ಮಾಡದ ಬಂದ್ವಿರಿ. ಮನ್ಯಾಗ ಇರ್ತೀರೋ ಇಲ್ಲೋ ಅಂತ ಅನುಮಾನಿತ್ತು" ಎಂದೆ.

"ಈ ದಿನದಾಗ ನಾ ಎಲ್ಲಿ ಹೋಗ್ತೀನವ್ವಾ?" ತಂಗಿ ಮಾತಾಡಿದ್ದು ನನ್ನೊಡನೆ, ನೋಡುತ್ತಿದ್ದುದು ಅಕ್ಕನನ್ನು. "ಈಕಿ ಊರಿಗೆಲ್ಲ ಮಾಫಿ ಕೇಳ್ಕೋತ ತಿರಗ್ತಾಳಂತ ಕೇಳಿದಾಗಿಂದ, ವರ್ಷಾ ಲೆಂಟ್ ಬಂತಂದ್ರ ನಾ ಊರು ಬಿಟ್ಟು ಕದಲಂಗಿಲ್ಲ. ಕೊಂಕಲದಾಗ ನಾದಿನಿ ಮಗಳ ಮದಿವಿ ಇತ್ತು, ಅದಕ್ಕೂ ಹೋಗಲಿಲ್ಲ. ಬಂದಾಗ ಕೀಲಿ ಹಾಕಿದ್ದು ಕಂಡ್ರ, ಈಕಿ ಅದನ್ನ ನೆಪಾ ಮಾಡಿ ತಿರುಗಿ ಹೋಗಾಕಿ."

ದೊಡ್ಡವ್ವ ಅಲ್ಲೇ ನೆಲಕ್ಕೆ ಕುಸಿದು ತಂಗಿಯ ಎರಡೂ ಕಾಲು ಹಿಡಿದುಕೊಂಡಳು. "ಏಳಕ್ಕಾ, ಏಳು. ಬಂದ್ಯಲ್ಲ" ಎನ್ನುತ್ತ ತಂಗಿ ಬಗ್ಗಿ ಆ ಕೈಗಳನ್ನು ಬಿಡಿಸುತ್ತಿದ್ದಳು. ಅವು ಬಿಡಲೊಲ್ಲವು. ಇಷ್ಟು ವರ್ಷ ದೊಡ್ಡವ್ವನ ಮಾಫಿಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ನಾನು, ಗೋಡೆಯ ಕಡೆ ತಿರುಗಿ ನಿಂತು ಅತ್ತುಬಿಟ್ಟೆ.